ಒಬ್ಬ ಪೈಲ್ವಾನನಿಗೆ ಐದನೇ ಕ್ಲಾಸಿನ ಹುಡುಗರು ಎಷ್ಟು? ಚಾದಂಗಡಿ ವಾದಕ್ಕೊಂದು ಮಾರ್ಗದರ್ಶಿ

ಒಬ್ಬ ಪೈಲ್ವಾನನನ್ನು ಕೆಡವಲು ಐದನೇ ಕ್ಲಾಸಿನ ಹುಡುಗರು ಎಷ್ಟು ಮಂದಿ ಬೇಕು?

ಈ ಪ್ರಶ್ನೆಯನ್ನು ಬಾಗಲಕೋಟೆಯ ಯಾವುದಾದರೂ ಚಾದಂಗಡಿ ಮುಂದೆ ನಾಲ್ಕು ಜನ ದೋಸ್ತರ ನಡುವೆ ಸುಮ್ನೆ ಎಸೆದು ನೋಡಿ. ಮಿರ್ಚಿ ಆರುತ್ತದೆ, ಗಿರ್ಮಿಟ್ ಮೆತ್ತಗಾಗುತ್ತದೆ, ವಾದ ಮಾತ್ರ ಮುಗಿಯುವುದಿಲ್ಲ. ಒಬ್ಬ ಹತ್ತು ಸಾಕು ಅನ್ನುತ್ತಾನೆ. ಇನ್ನೊಬ್ಬ ಐವತ್ತು ಬಂದರೂ ಆಗಲ್ಲ ಅನ್ನುತ್ತಾನೆ. ಮೂರನೆಯವನು ಮಾತ್ರ, "ಲೇ, ಹುಡುಗರ ಕೈಯಾಗ ಬ್ಯಾಟ್ ಅದಾವೇನು ಮೊದ್ಲ ಹೇಳ್ರಿ" ಅನ್ನುತ್ತಾನೆ. ಆ ಮೂರನೆಯವನನ್ನು ಬಿಡಬೇಡಿ, ನಿಮ್ಮ ಗುಂಪಿನಲ್ಲಿ ವಾದ ಮಾಡಲು ಬರುವವನು ಅವನೊಬ್ಬನೇ.

ಯಾಕೆಂದರೆ ಇಂಥ ವಾದಗಳಲ್ಲಿ ಎಲ್ಲರೂ ಶಕ್ತಿಯ ಬಗ್ಗೆ ಕೂಗಾಡುತ್ತಾರೆ. ಪೈಲ್ವಾನನ ತೋಳು ಎಷ್ಟು ದಪ್ಪ, ದಿನಕ್ಕೆ ಎಷ್ಟು ಬಾದಾಮಿ ತಿಂತಾನೆ, ಎಷ್ಟು ಲೀಟರ್ ಹಾಲು ಕುಡಿತಾನೆ ಅಂತ. ಗೆಲುವು ಸೋಲು ನಿರ್ಧಾರ ಆಗುವುದು ಅಲ್ಲಲ್ಲ. ಎಲ್ಲಿ ನಿಂತು ಹೊಡೆದಾಡುತ್ತಾರೆ, ಎಷ್ಟು ಹೊತ್ತು ದಮ್ಮು ಇರುತ್ತದೆ, ಒಂದೇ ಸಲಕ್ಕೆ ಎಷ್ಟು ಕೈ ಅವನನ್ನು ಮುಟ್ಟುತ್ತವೆ, ಇವು ಮೂರರಲ್ಲಿ. ಇದನ್ನು ಇಟ್ಟುಕೊಂಡು ವಾದ ನಡೆಸುವುದು ಹೇಗೆ ಅಂತ ಒಂದೊಂದೇ ಹಂತವಾಗಿ ನೋಡೋಣ.

ಹಂತ 1: ಗುಂಪು ಒಡೆಯುವ ಪ್ರಶ್ನೆ ಹುಡುಕಿ

ಕೇಳಿದ ತಕ್ಷಣ ಕೂತವರು ಎರಡು ಪಾಲಾದರೆ ಪ್ರಶ್ನೆ ಒಳ್ಳೆಯದು. ಎಲ್ಲರೂ ಒಂದೇ ಉತ್ತರ ಹೇಳಿದರೆ ಪ್ರಶ್ನೆ ಕೆಟ್ಟದ್ದೇನಲ್ಲ, ಅಂಕಿ ತಪ್ಪಾಗಿದೆ ಅಷ್ಟೇ. ಅದನ್ನು ಅರ್ಧ ಮಾಡಿ, ಇಲ್ಲವೇ ದುಪ್ಪಟ್ಟು ಮಾಡಿ. ಪೈಲ್ವಾನನ ಎದುರು ಐದು ಹುಡುಗರು ಅಂದರೆ ಎಲ್ಲರೂ ನಗುತ್ತಾರೆ. ಇನ್ನೂರು ಅಂದರೂ ನಗುತ್ತಾರೆ. ನಡುವೆ ಎಲ್ಲೋ ಒಂದು ಕಡೆ ನಗು ನಿಂತು ಒಬ್ಬ ಗಂಭೀರವಾಗಿ ಮುಂದಕ್ಕೆ ಬಾಗಿ ಕೂರುತ್ತಾನೆ, ಅದೇ ನಿಮಗೆ ಬೇಕಾದ ಅಂಕಿ.

2025ರಲ್ಲಿ ಜಗತ್ತೆಲ್ಲ ತಲೆ ಕೆಡಿಸಿಕೊಂಡ "ನೂರು ಗಂಡಸರು ಒಂದು ಕಡೆ, ಒಂದು ಗೊರಿಲ್ಲಾ ಇನ್ನೊಂದು ಕಡೆ" ಅನ್ನೋ ಪ್ರಶ್ನೆ ಹಬ್ಬಿದ್ದು ಇದೇ ಕಾರಣಕ್ಕೆ. ನೂರು ಅನ್ನೋದು ಸರಿಯಾದ ಅಂಕಿ. ಹತ್ತು ಅಂದಿದ್ದರೆ ಯಾರೂ ಮಾತಾಡುತ್ತಿರಲಿಲ್ಲ, ಸಾವಿರ ಅಂದಿದ್ದರೂ ಅಷ್ಟೇ.

ಇನ್ನು ಬೇಡದ ಪ್ರಶ್ನೆಗಳು. ಎರಡು ಊರು, ಎರಡು ಜಾತಿ, ಎರಡು ಭಾಷೆ ತರಲೇಬೇಡಿ. ಬೆಳಗಾವಿಯಲ್ಲಂತೂ ಕನಸಿನಲ್ಲೂ ಬೇಡ. ಚೆನ್ನಮ್ಮ, ರಾಯಣ್ಣ, ಶಿವಾಜಿ ಇವರನ್ನೆಲ್ಲ ನಿಮ್ಮ ಚಾದ ಲೋಟದ ಯುದ್ಧಕ್ಕೆ ಎಳೆಯಬೇಡಿ, ತಮಾಷೆ ಎಲ್ಲಿ ಮುಗಿದು ಜಗಳ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವ ಮೊದಲೇ ಅಕ್ಕಪಕ್ಕದವರು ಎದ್ದು ನಿಂತಿರುತ್ತಾರೆ. ಪ್ರಾಣಿ, ಪಕ್ಷಿ, ಹೆಸರಿಲ್ಲದ ಪೈಲ್ವಾನ, ಹೆಸರಿಲ್ಲದ ಹುಡುಗರು ಸಾಕು.

ಹಂತ 2: ಶರತ್ತು ಹಾಕಿ

ಇದೇ ಮುಖ್ಯ ಹಂತ, ಇಲ್ಲಿ ಅವಸರ ಮಾಡಬೇಡಿ. ಅರ್ಧ ವಾದ ಇಲ್ಲೇ ಇದೆ.

ಮೊದಲು ಗೆಲುವು ಅಂದರೇನು ಅಂತ ತೀರ್ಮಾನಿಸಿ. ಮಕ್ಕಳ ವಿಷಯ ಬಂದಾಗ ರಕ್ತ, ಮೂಳೆ ಮುರಿತ ಅಂತ ಮಾತಾಡಿದರೆ ಕೇಳೋಕೂ ಚಂದ ಇರುವುದಿಲ್ಲ. ಅದಕ್ಕೆ ಕುಸ್ತಿಯ ನಿಯಮವನ್ನೇ ತಗೊಳ್ಳಿ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಈಗ ಪ್ರಶ್ನೆ ಪೂರ್ತಿ ಬದಲಾಗುತ್ತದೆ ನೋಡಿ. ಹುಡುಗರು ಪೈಲ್ವಾನನನ್ನು ಹೊಡೆಯಬೇಕಿಲ್ಲ, ಕಾಲಿಗೆ ಜೋತು ಬಿದ್ದು ಉರುಳಿಸಿದರೆ ಸಾಕು. ಒಂದು ಕಾಲಿಗೆ ಇಬ್ಬರು ತಬ್ಬಿಕೊಂಡರೆ, ತಲಾ ಮೂವತ್ತು ಕಿಲೋ ಅಂತ ಹಿಡಿದರೂ, ಅರವತ್ತು ಕಿಲೋ ಕಟ್ಟಿದ ಹಾಗಾಯಿತು. ಎಷ್ಟು ದೊಡ್ಡ ಪೈಲ್ವಾನ ಆದರೂ ಎರಡೂ ಕಾಲಿಗೆ ಅರವತ್ತರವತ್ತು ಕಿಲೋ ಕಟ್ಟಿಕೊಂಡು ಡಾವ್ ಹಾಕೋದು ಸುಲಭ ಅಲ್ಲ.

ಮುಂದಿನದು, ಬಿದ್ದ ಹುಡುಗ ಎದ್ದು ಮತ್ತೆ ಬರಬಹುದಾ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಇಡೀ ಲೆಕ್ಕ ನಿಂತಿರುವುದೇ ಇದರ ಮೇಲೆ. ಮತ್ತೆ ಬರಬಹುದು ಅಂದರೆ ಹದಿನೈದು ಹುಡುಗರು ಸಾಕು ಅಂತ ನನ್ನ ಅಭಿಪ್ರಾಯ. ಒಮ್ಮೆ ಬಿದ್ದರೆ ಔಟ್ ಅಂದರೆ ನಲವತ್ತಾದರೂ ಬೇಕು.

ಆಯುಧ ಇದೆಯಾ ಇಲ್ಲವಾ ಅಂತಲೂ ಸ್ಪಷ್ಟ ಮಾಡಿ. ಇಲ್ಲ ಅಂತ ಮೊದಲೇ ಬರೆದಿಡದಿದ್ದರೆ ವಿಜಯಪುರದ ಕಡೆಯ ಒಬ್ಬ ದೋಸ್ತ ಖಂಡಿತ ಮುಲ್ಕ್-ಎ-ಮೈದಾನ್ ತೋಪು ತರುತ್ತಾನೆ. ಸುಮಾರು 55 ಟನ್ ತೂಕದ್ದು ಅದು, ಅದನ್ನು ತಂದವನ ಜೊತೆ ವಾದ ಮಾಡೋಕಾಗಲ್ಲ. (ತೋಪು ಎಳೆದು ತರಲು ನೂರಾರು ಎತ್ತು, ಆನೆ, ಆಳು ಬೇಕಾದವು ಅಂತ ಊರವರು ಹೇಳುತ್ತಾರೆ. ಆ ಎತ್ತುಗಳ ಮಾತಿಗೆ ಆಮೇಲೆ ಬರೋಣ.)

ಕೊನೆಗೆ, ಎಲ್ಲರೂ ಒಮ್ಮೆಲೇ ಬರುತ್ತಾರಾ, ಒಬ್ಬೊಬ್ಬರೇ ಬರುತ್ತಾರಾ? ಇದಕ್ಕೆ ಬೇರೆ ಹಂತವೇ ಬೇಕು.

ಹಂತ 3: ಟೇಬಲ್ ಮೇಲೆ ನಾಣ್ಯ ಇಡಿ

ಜೇಬಿನಿಂದ ಒಂದೇ ಥರದ ಏಳು ನಾಣ್ಯ ತೆಗೆಯಿರಿ. ಒಂದನ್ನು ನಡುವೆ ಇಟ್ಟು ಉಳಿದವನ್ನು ಅದಕ್ಕೆ ತಾಗಿಸಿ ಸುತ್ತ ಜೋಡಿಸಿ. ಸರಿಯಾಗಿ ಆರು ಕೂರುತ್ತವೆ, ಏಳನೆಯದಕ್ಕೆ ಜಾಗವೇ ಇಲ್ಲ. ಒಬ್ಬ ಮನುಷ್ಯನ ಸುತ್ತ ಅವನಷ್ಟೇ ಗಾತ್ರದವರು ಎಷ್ಟು ಜನ ನಿಲ್ಲಬಹುದು ಅಂದರೆ ಹೆಚ್ಚು ಕಮ್ಮಿ ಇಷ್ಟೇ. ನೂರು ಜನ ಬಂದರೂ ಮೊದಲ ಸಾಲಿನಲ್ಲಿ ಆರೋ ಏಳೋ ಜನ, ಉಳಿದವರು ಹಿಂದೆ ನಿಂತು "ಹಾಕಲೇ, ಹಾಕು" ಅಂತ ಕೂಗೋದು.

ಈಗ ನಡುವಿನ ನಾಣ್ಯ ತೆಗೆದು ಚಾದ ಬಸಿ ಇಡಿ. ಸುತ್ತ ಎಷ್ಟೊಂದು ನಾಣ್ಯ ಹಿಡಿಸುತ್ತವೆ ನೋಡಿ. ಚಿಕ್ಕವರಿಗೆ ಇರುವ ದೊಡ್ಡ ಲಾಭ ಇದೇ. ಅವರ ಬಲ ಕಡಿಮೆ, ಆದರೆ ಒಂದೇ ಸಲಕ್ಕೆ ಮುಟ್ಟುವ ಕೈಗಳು ಜಾಸ್ತಿ.

ಇದಕ್ಕೊಂದು ನಿಜವಾದ ಗಣಿತವೂ ಇದೆ. ಮೊದಲನೇ ಮಹಾಯುದ್ಧದ ಹೊತ್ತಿಗೆ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್, ಮೂಲತಃ ಕಾರು ತಯಾರಿಸುತ್ತಿದ್ದವನು, ಯುದ್ಧದಲ್ಲಿ ಸಂಖ್ಯೆಗೆ ಎಷ್ಟು ಬೆಲೆ ಅಂತ ಎರಡು ಸೂತ್ರ ಬರೆದ. ಒಬ್ಬೊಬ್ಬರೇ ಎದುರುಬದುರಾಗಿ ಹೊಡೆದಾಡುವ ಕಾಲದ ಯುದ್ಧದಲ್ಲಿ ಸಂಖ್ಯೆಯನ್ನು ಬಲದಿಂದ ಸುಮ್ನೆ ಗುಣಿಸಿದರೆ ಸಾಕು. ಆದರೆ ದೂರದಿಂದ ಎಲ್ಲರೂ ಒಂದೇ ಗುರಿಗೆ ಗುಂಡು ಹಾರಿಸುವ ಕಡೆ ಸಂಖ್ಯೆಯ ವರ್ಗ ತಗೊಂಡು ಬಲದಿಂದ ಗುಣಿಸಬೇಕು.

ನಮ್ಮ ಪೈಲ್ವಾನನಿಗೆ ಹಾಕಿ ನೋಡೋಣ. ಅವನು ಒಬ್ಬ ಹುಡುಗನ 25 ಪಟ್ಟು ಅಂತ ಇಟ್ಟುಕೊಳ್ಳಿ. ಇಕ್ಕಟ್ಟಾದ ಸಂದಿಯಲ್ಲಿ ಒಬ್ಬೊಬ್ಬನೇ ಹುಡುಗ ಎದುರು ಬಂದರೆ ಸರಿಸಮ ಆಗೋಕೆ 25 ಹುಡುಗರು ಬೇಕು. ಎಲ್ಲರೂ ಒಮ್ಮೆಲೇ ಅವನ ಮೇಲೆ ಕೈ ಮಾಡಬಹುದಾದ ಬಯಲಿನಲ್ಲಿ ಐದೇ ಸಾಕು, ಯಾಕೆಂದರೆ ಐದರ ವರ್ಗ ಇಪ್ಪತ್ತೈದು. ಅದೇ ಪೈಲ್ವಾನ, ಅವೇ ಹುಡುಗರು, ಉತ್ತರ ಮಾತ್ರ ಐದನೇ ಒಂದು ಪಾಲಿಗೆ ಇಳಿಯಿತು. ಕೈಯಿಂದ ಹೊಡೆದಾಡುವಾಗ ಬಂದೂಕಿನ ಲೆಕ್ಕ ಪೂರ್ತಿ ಕೂರುವುದಿಲ್ಲ, ನಾಣ್ಯ ತೋರಿಸಿದ ಹಾಗೆ ಜಾಗ ಸಾಲದೆ ಹೋಗುತ್ತದೆ. ಹಾಗಾಗಿ ನಿಜವಾದ ಉತ್ತರ ಐದಕ್ಕೂ ಇಪ್ಪತ್ತೈದಕ್ಕೂ ನಡುವೆ ಎಲ್ಲೋ ಇರುತ್ತದೆ. ನಿಮ್ಮ ವಾದ ಆ ನಡುವಿನ ಜಾಗದಲ್ಲೇ ನಡೆಯಬೇಕು.

ಹಂತ 4: ಕಣ ಆರಿಸಿ

ಜಾಗ ಹೇಳದೆ ಅಂಕಿ ಹೇಳುವವನ ಮಾತು ಲೆಕ್ಕಕ್ಕಿಲ್ಲ ಅಂತ ಮೊದಲೇ ನಿಯಮ ಮಾಡಿ.

ನಮ್ಮ ಕಡೆ ಜಾಗಕ್ಕೇನು ಬರ. ಗೋಳಗುಮ್ಮಟವನ್ನೇ ತಗೊಳ್ಳಿ. ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಗೋಪುರಗಳು, ಒಳಗೆ ಇಕ್ಕಟ್ಟಾದ ಮೆಟ್ಟಿಲು. ಮೇಲಿನ ಮೆಟ್ಟಿಲ ಮೇಲೆ ಪೈಲ್ವಾನ ನಿಂತರೆ ಕೆಳಗಿನಿಂದ ಬರುವವರಿಗೆ ಸಂಖ್ಯೆಯ ಲಾಭವೇ ಇಲ್ಲ, ಒಬ್ಬರ ಹಿಂದೆ ಒಬ್ಬರು ಏರಬೇಕು, ಏದುಸಿರು ಬೇರೆ. ಅಲ್ಲಿ ನಲವತ್ತು ಹುಡುಗರೂ ಸಾಲುವುದಿಲ್ಲ. ಸರಿ, ಹೇಗೋ ಮೇಲೆ ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದರು ಅನ್ನಿ. ಈಗ ಹೊಸ ತೊಂದರೆ. "ನೀವು ಹಿಂದಿನಿಂದ ಬರ್ರಿ, ನಾವು ಮುಂದಿನಿಂದ ಹಿಡಿತೀವಿ" ಅಂತ ಗೋಡೆ ಪಕ್ಕ ಮೆಲ್ಲಗೆ ಹೇಳಿದರೂ ಎದುರು ಬದಿಯ ಗೋಡೆಗೆ ಕಿವಿ ಕೊಟ್ಟ ಪೈಲ್ವಾನನಿಗೆ ಅದು ಕೇಳುತ್ತದೆ. ಗುಟ್ಟು ಮಾಡೋಕಾಗದ ಜಾಗದಲ್ಲಿ ಗುಂಪಿಗೆ ಅರ್ಧ ಬಲ ಹೋಯಿತು.

ಅದೇ ಹುಡುಗರನ್ನು ಮಳೆ ಬಂದ ಮರುದಿನ ಎರೆ ಹೊಲಕ್ಕೆ ಇಳಿಸಿ. ಕರಿ ಮಣ್ಣು ಕಾಲಿಗೆ ಹಿಡಿಯುವುದು ಹೇಗೆ ಅಂತ ಈ ಜಿಲ್ಲೆಗಳಲ್ಲಿ ಯಾರಿಗೂ ಹೇಳಬೇಕಿಲ್ಲ. ನೂರು ಕಿಲೋ ಪೈಲ್ವಾನ ಹೆಜ್ಜೆ ಕೀಳೋಕೇ ಒದ್ದಾಡುತ್ತಾನೆ, ಹಗುರ ಹುಡುಗರು ಅಷ್ಟು ಹೂಳುವುದಿಲ್ಲ. ಇಲ್ಲಿ ಎಂಟು ಹುಡುಗರು ಅಂತ ನಾನು ಕಣ್ಣು ಮುಚ್ಚಿ ಪಣ ಕಟ್ಟುತ್ತೇನೆ. ಗರಡಿ ಮನೆಯ ಹದ ಮಾಡಿದ ಮಣ್ಣಿನಲ್ಲಾದರೆ ಪೈಲ್ವಾನನಿಗೆ ಅದು ಸ್ವಂತ ಮನೆ, ಅಂಕಿ ಮತ್ತೆ ಏರುತ್ತದೆ.

ಹಂತ 5: ದಮ್ಮಿನ ಲೆಕ್ಕ

ಒಲಿಂಪಿಕ್ ಫ್ರೀಸ್ಟೈಲ್ ಕುಸ್ತಿ ಎಷ್ಟು ಹೊತ್ತು? ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿಶ್ರಾಂತಿ. ಜಗತ್ತಿನ ಅತಿ ಗಟ್ಟಿ ಪೈಲ್ವಾನರು ಪೂರ್ತಿ ಬಲ ಹಾಕಿ ಆಡುವುದು ಒಟ್ಟು ಆರು ನಿಮಿಷ. ಆಮೇಲೆ ಅವರ ಮುಖ ನೋಡಿದ್ದೀರಲ್ವಾ?

ಆರು ನಿಮಿಷ ಅಂದರೆ 360 ಸೆಕೆಂಡ್. 20 ಹುಡುಗರಿದ್ದರೆ ಒಬ್ಬೊಬ್ಬನಿಗೆ 18 ಸೆಕೆಂಡ್ ಸಿಗುತ್ತದೆ, ಆರಾಮ. 60 ಹುಡುಗರಿದ್ದರೆ ತಲಾ 6 ಸೆಕೆಂಡ್. ಅಷ್ಟರಲ್ಲಿ ಹುಡುಗನನ್ನು ಹಿಡಿಯಬೇಕು, ಕೆಡವಬೇಕು, ಮುಂದಿನವನ ಕಡೆ ತಿರುಗಬೇಕು, ಅದೂ ಉಳಿದವರು ಹಿಂದಿನಿಂದ ಅಂಗಿ ಎಳೆಯುತ್ತಿರುವಾಗ. ಈ ಭಾಗಾಕಾರವನ್ನು ಬಿಲ್ ಚೀಟಿಯ ಹಿಂದೆ ಬರೆದು ತೋರಿಸಿದರೆ ಎದುರು ಪಕ್ಷದ ಅರ್ಧ ಬಾಯಿ ಮುಚ್ಚುತ್ತದೆ.

ಒಬ್ಬನ ವಿರುದ್ಧ ಹಲವರು ಅನ್ನೋ ಈ ವಾದವನ್ನು ಆಟ ಮಾಡಿಟ್ಟವರು ನಮ್ಮವರೇ. ಕಬಡ್ಡಿಯಲ್ಲಿ ಒಬ್ಬ ರೇಡರ್, ಎದುರು ಏಳು ಮಂದಿ. ಆದರೂ ಅವನು ಎಷ್ಟೋ ಸಲ ಪಾಯಿಂಟ್ ತಗೊಂಡು ವಾಪಸ್ ಬರುತ್ತಾನೆ. ಯಾಕೆ ಗೊತ್ತಾ? ಅವನು ಏಳೂ ಜನರನ್ನು ಸೋಲಿಸಬೇಕಿಲ್ಲ. ಒಬ್ಬನನ್ನು ಮುಟ್ಟಿ ಗೆರೆಗೆ ಬಂದರೆ ಆಯಿತು, ಅದೂ 30 ಸೆಕೆಂಡ್ ಒಳಗೆ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೇಡರ್‌ನನ್ನು ಹಿಡಿದರೆ ಪ್ರೊ ಕಬಡ್ಡಿಯಲ್ಲಿ ಒಂದು ಪಾಯಿಂಟ್ ಜಾಸ್ತಿ ಕೊಡುತ್ತಾರೆ. ಅಂದರೆ ತರಬೇತಿ ಪಡೆದ ಮೂವರಿಗೂ ಒಬ್ಬನನ್ನು ಹಿಡಿದು ನಿಲ್ಲಿಸುವುದು ಕಷ್ಟ ಅಂತ ನಿಯಮವೇ ಒಪ್ಪಿಕೊಂಡ ಹಾಗೆ. ಪೈಲ್ವಾನನ ಪರ ವಾದಿಸುವವರು ಇದನ್ನು ಕೈಯಲ್ಲಿ ಇಟ್ಟುಕೊಳ್ಳಿ.

ಹಂತ 6: ಗಾತ್ರ ಬದಲಾಯಿಸುವವನನ್ನು ಹಿಡಿಯಿರಿ

ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ವಾದ ಬಿಸಿಯಾದ ಹೊತ್ತಿಗೆ, "ಎತ್ತಿನಷ್ಟು ದೊಡ್ಡ ಕೋಳಿ ಒಂದು, ಇಲ್ಲಾ ಕೋಳಿಯಷ್ಟು ಸಣ್ಣ ಎತ್ತು ನೂರು, ಯಾವುದರ ಜೋಡಿ ಹೊಡೆದಾಡ್ತಿ?" ಅಂತ ಎಸೆಯುತ್ತಾನೆ. ಬೇರೆ ದೇಶಗಳಲ್ಲಿ ಇದನ್ನೇ ಬಾತುಕೋಳಿ ಮತ್ತು ಕುದುರೆ ಇಟ್ಟು ಕೇಳುತ್ತಾರೆ.

ಉತ್ತರಕ್ಕೆ 1638ಕ್ಕೆ ಹೋಗಬೇಕು. ಪ್ರಾಣಿಯನ್ನು ಸುಮ್ನೆ ಹಿಗ್ಗಿಸಿದರೆ ಮೂಳೆ ತಾಳುವುದಿಲ್ಲ ಅಂತ ಗೆಲಿಲಿಯೊ ಆ ವರ್ಷ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಎತ್ತರ ಎರಡು ಪಟ್ಟಾದರೆ ಮೂಳೆಯನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಮಾತ್ರ ಎಂಟು ಪಟ್ಟು. ಕೋಳಿ 2 ಕಿಲೋ, ಎತ್ತು 400 ಕಿಲೋ ಅಂತ ಹಿಡಿದರೆ ತೂಕ 200 ಪಟ್ಟು. ಅಷ್ಟಾಗಬೇಕಾದರೆ ಕೋಳಿ ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಹೆಚ್ಚು ಕಮ್ಮಿ ಆರು ಪಟ್ಟು ಬೆಳೆಯಬೇಕು. ಮೂಳೆಯ ಬಲ ಆರರ ವರ್ಗ, ಅಂದರೆ ಮೂವತ್ತಾರರ ಆಸುಪಾಸು ಮಾತ್ರ ಏರಿತು. ಆ ಸಣ್ಣ ಕಾಲುಗಳ ಮೇಲೆ ಮೊದಲಿಗಿಂತ ಆರು ಪಟ್ಟು ಭಾರ ಬಿತ್ತು. ನಿಮ್ಮ ದೈತ್ಯ ಕೋಳಿ ಓಡಿ ಬರುವುದು ದೂರದ ಮಾತು, ಎದ್ದು ನಿಂತರೆ ಪುಣ್ಯ.

ಸಣ್ಣ ಎತ್ತುಗಳ ಕಥೆ ತಿರುಗಾಮುರುಗಾ. ಕುಗ್ಗಿಸಿದಾಗ ತೂಕ ಬೇಗ ಇಳಿಯುತ್ತದೆ, ಬಲ ಅಷ್ಟು ಬೇಗ ಇಳಿಯುವುದಿಲ್ಲ, ಆದ್ದರಿಂದ ತನ್ನ ಮೈಗೆ ಹೋಲಿಸಿದರೆ ಪ್ರತಿ ಎತ್ತೂ ಮೊದಲಿಗಿಂತ ಚುರುಕು. ಎರಡೆರಡು ಕಿಲೋದ ನೂರು ಎತ್ತು, ನೂರು ಜೊತೆ ಕೊಂಬು, ಎಲ್ಲವೂ ನಿಮ್ಮ ಮೊಣಕಾಲಿನ ಕೆಳಗೆ. ಯೋಚನೆ ಮಾಡಿ. ನಾನಂತೂ ಕೋಳಿಯ ಜೋಡಿಯೇ ಹೊಡೆದಾಡುತ್ತೇನೆ.

ಇನ್ನು ಆ ತೋಪು ಎಳೆದ ಎತ್ತುಗಳು, ಅಂದರೆ ಹಲವರು ಸೇರಿ ಎಳೆಯುವ ಲೆಕ್ಕ. ಎಲ್ಲ ತೂಕ ಕೂಡಿಸಿದರೆ ಗುಂಪೇ ಗೆಲ್ಲೋದು ಅಂತ ವಾದಿಸುವವನಿಗೆ ಇದನ್ನು ಹೇಳಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಎಂಟು ಜನ ಸೇರಿ ಎಳೆಯುವಾಗ ಒಬ್ಬೊಬ್ಬನೂ ಒಂಟಿಯಾಗಿ ಎಳೆಯುವುದರ ಅರ್ಧದಷ್ಟೇ ಬಲ ಹಾಕುತ್ತಾನೆ. ಸ್ವಲ್ಪ ಹೊಂದಾಣಿಕೆ ಇಲ್ಲದೆ, ಸ್ವಲ್ಪ ಪಕ್ಕದವನು ಎಳೀತಾನೆ ಬಿಡು ಅನ್ನೋ ಸೋಮಾರಿತನದಿಂದ. ಯಾವ ಗುಂಪಿನ ಬಲ ಕೂಡಿಸುವಾಗಲೂ ಈ ವಜಾ ಹಾಕಿಕೊಳ್ಳಿ.

ಹಂತ 7: ಮೊದಲು ಯಾರು ಹೋಗ್ತಾರೆ?

ಗುಂಪಿನ ಪರ ವಾದಿಸುವವರನ್ನು ಕಟ್ಟಿ ಹಾಕುವ ಪ್ರಶ್ನೆ ಇದು. ನೂರು ಗಂಡಸರು ಗೊರಿಲ್ಲಾವನ್ನು ಗೆಲ್ಲುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡ ಗಂಡು ಗೊರಿಲ್ಲಾ 160 ಕಿಲೋ ಇದ್ದರೆ ನೂರು ಗಂಡಸರು ಆರೂವರೆ ಸಾವಿರ ಕಿಲೋ, ರಿಂಗೆಲ್‌ಮನ್ ವಜಾ ಹಾಕಿದರೂ ಸಾಕಷ್ಟು ಉಳಿಯಿತು. ಆದರೆ ಮೊದಲ ಹತ್ತು ಜನ ಆಸ್ಪತ್ರೆಗೆ ಹೋಗೋದು ಖಾತ್ರಿ. ಆ ಹತ್ತರಲ್ಲಿ ನೀನು ಇರ್ತೀಯಾ ಅಂತ ಕೇಳಿ. ಎಲ್ಲರೂ ಹನ್ನೊಂದನೆಯವರಾಗಲು ಸಾಲು ಹಚ್ಚುತ್ತಾರೆ. ಹುಡುಗರ ಗುಂಪೂ ಅಷ್ಟೇ. ಮೊದಲನೆಯವನು ಅತ್ತರೆ ಹಿಂದಿನ ಇಪ್ಪತ್ತು ಜನ ಮನೆ ದಾರಿ ಹಿಡಿಯುತ್ತಾರೆ. ಆದ್ದರಿಂದ ಭಯ ಇದೆಯೋ ಇಲ್ಲವೋ ಅಂತ ಶರತ್ತಿನಲ್ಲೇ ಬರೆಯಬೇಕು.

ಭಯ ಇಲ್ಲದ ಗುಂಪು ಹೇಗಿರುತ್ತದೆ ಅಂತ ತಿಳಿಯಲು ಜೇನು ನೋಡಿ. ಜಪಾನಿನ ಜೇನುಗೂಡಿಗೆ ದೊಡ್ಡ ಕಡಜ ನುಗ್ಗಿದರೆ ನೂರಾರು ಜೇನುನೊಣಗಳು ಅದನ್ನು ಉಂಡೆ ಕಟ್ಟಿ ಮುತ್ತುತ್ತವೆ. ಕುಟುಕುವುದಲ್ಲ, ಮೈ ನಡುಗಿಸಿ ಶಾಖ ಏರಿಸುತ್ತವೆ. ಉಂಡೆಯ ಒಳಗೆ 46 ಡಿಗ್ರಿ ಸೆಲ್ಸಿಯಸ್ ಆಸುಪಾಸು ಆಗುತ್ತದೆ, ಕಡಜ ಸಾಯುತ್ತದೆ, ಜೇನು ಅದಕ್ಕಿಂತ ತುಸು ಜಾಸ್ತಿ ಶಾಖ ತಾಳುತ್ತದೆ. ಆ ತುಸು ಅಂತರದಲ್ಲೇ ಗೆಲುವು. ಮೊದಲು ಮುತ್ತಿದ ಕೆಲವು ಜೇನು ಸಾಯುವುದೂ ಇದೆ, ಆದರೆ ನಾನೇ ಯಾಕೆ ಮೊದಲು ಅಂತ ಯಾವ ಜೇನೂ ಕೇಳುವುದಿಲ್ಲ.

ಬಾದಾಮಿಯ ಮಂಗಗಳದ್ದು ಇನ್ನೊಂದು ರೀತಿ. ಗುಹೆಯ ಮೆಟ್ಟಿಲ ಮೇಲೆ ಬಾಳೆಹಣ್ಣಿನ ಚೀಲ ಹಿಡಿದ ಒಬ್ಬ ಮನುಷ್ಯ, ಎದುರು ಹತ್ತು ಮಂಗ. ತೂಕ, ಬಲ, ಎತ್ತರ ಎಲ್ಲ ಮನುಷ್ಯನ ಕಡೆ. ಆದರೂ ಚೀಲ ಹೋಗುತ್ತದೆ. ಮಂಗಕ್ಕೆ ನಿಮ್ಮನ್ನು ಸೋಲಿಸಬೇಕಿಲ್ಲ, ಹಣ್ಣು ಬೇಕು ಅಷ್ಟೇ. ಕಬಡ್ಡಿ ರೇಡರ್ ಲೆಕ್ಕವೇ ಇಲ್ಲೂ.

ಹಂತ 8: ಪಂಚರನ್ನು ಕೂರಿಸಿ, ಬದಿ ಅದಲುಬದಲು ಮಾಡಿ

ಚಾದಂಗಡಿ ಕಾಕಾನನ್ನು ಪಂಚ ಮಾಡಿ. ಅವರಿಗೆ ಯಾವ ಪಕ್ಷವೂ ಬೇಕಿಲ್ಲ, ಇನ್ನೆರಡು ಚಾ ಹೋದರೆ ಸಾಕು. "ಕಾಕಾ, ನೀವ ಹೇಳ್ರಿ" ಅಂದ ಮೇಲೆ ಅವರ ಮಾತೇ ಕೊನೆ. ಅರ್ಧ ಹೊತ್ತಾದ ಮೇಲೆ ಎರಡೂ ಕಡೆಯವರು ಬದಿ ಬದಲಾಯಿಸಬೇಕು. ಇದೊಂದು ನಿಯಮ ಪಾಲಿಸಿದರೆ ಹಟ ಇಳಿಯುತ್ತದೆ, ಈವರೆಗೆ ಪೈಲ್ವಾನನನ್ನು ಹೊತ್ತು ಮೆರೆಸಿದವನೇ ಅವನ ಮೊಣಕಾಲು ನೋವಿನ ಕಥೆ ಶುರು ಮಾಡುತ್ತಾನೆ.

ನಿಜವಾಗಿ ನಡೆದ ಉದಾಹರಣೆ ತಂದವನಿಗೆ ಜಾಸ್ತಿ ಅಂಕ ಕೊಡಿ. ಜಪಾನಿನ ಟಿವಿಯಲ್ಲಿ ಮೂವರು ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೂರು ಮಕ್ಕಳ ಎದುರು ಆಡಿಸಿದ್ದರು, ದೊಡ್ಡವರೇ ಗೆದ್ದರು. ನೂರು ಮಂದಿ ಇದ್ದರೇನು, ಚೆಂಡು ಒಂದೇ ಅಲ್ವಾ? ಚೆಸ್‌ನಲ್ಲಿ 1999ರಲ್ಲಿ ಗ್ಯಾರಿ ಕ್ಯಾಸ್ಪರೋವ್ ಒಬ್ಬನೇ, ಎದುರು ಇಂಟರ್‌ನೆಟ್‌ನಲ್ಲಿ ವೋಟು ಹಾಕಿ ನಡೆ ಆರಿಸುವ 50,000ಕ್ಕೂ ಹೆಚ್ಚು ಜನ. 62 ನಡೆಗಳ ನಂತರ ಕ್ಯಾಸ್ಪರೋವ್ ಗೆದ್ದ. 2025ರಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಹೀಗೇ 1,43,000ಕ್ಕೂ ಹೆಚ್ಚು ಜನರ ಎದುರು ಆಡಿದಾಗ ಆಟ ಡ್ರಾ ಆಯಿತು. ಒಂದೇ ಥರದ ಆಟ, ಎರಡು ಫಲಿತಾಂಶ. ಇದನ್ನು ಎರಡೂ ಕಡೆಯವರು ಬಳಸಬಹುದು, ಯಾರು ಮೊದಲು ಬಾಯಿ ಬಿಡುತ್ತಾರೋ ಅವರಿಗೆ ಲಾಭ.

ಪ್ರಯೋಗ ಮಾಡಿ ನೋಡೋಣ ಅಂತ ಯಾರಾದರೂ ಎದ್ದು ನಿಂತರೆ ಆ ದಿನದ ಸಭೆ ಅಲ್ಲಿಗೆ ಮುಗಿಯಿತು ಅಂತ ಘೋಷಿಸಿ. ಚಾದ ಬಿಲ್ ಅವನದೇ.

ಮುಂದಿನ ಸಲಕ್ಕೆ ಒಂದಿಷ್ಟು ಪ್ರಶ್ನೆ

ಒಂದು ಮುಧೋಳ ನಾಯಿ, ಎದುರು ಊರ ಬೆಕ್ಕು ಎಷ್ಟು? ಬಯಲಿನಲ್ಲಿ ನಾಯಿಯೇ, ಆದರೆ ಮರ ಇದ್ದರೆ ಈ ಯುದ್ಧ ಶುರುವೇ ಆಗುವುದಿಲ್ಲ. ಒಂದು ಟಗರು, ಎದುರು ನೂರು ಕೋಳಿ? ಕೋಳಿಗಳಿಗೆ ಭಯ ಇಲ್ಲ ಅಂತ ಶರತ್ತು ಹಾಕಿ, ಇಲ್ಲದಿದ್ದರೆ ಮಜಾ ಇಲ್ಲ. ಬಾಗಲಕೋಟೆ ಹೋಳಿಯಲ್ಲಿ ಬಂಡಿ ಮೇಲೆ ಬ್ಯಾರಲ್ ತುಂಬ ಬಣ್ಣ ಇಟ್ಟುಕೊಂಡ ಐದು ಜನ, ಕೆಳಗೆ ಪಿಚಕಾರಿ ಹಿಡಿದ ಇನ್ನೂರು? ಇದಕ್ಕೆ ಎರಡು ಸಂಜೆ ಬೇಕಾದೀತು, ಬ್ಯಾರಲ್ ಖಾಲಿಯಾಗೋಕೆ ಎಷ್ಟು ಹೊತ್ತು ಅನ್ನೋದರಿಂದ ಶುರು ಮಾಡಿ. ಒಬ್ಬ ಬಸ್ ಕಂಡಕ್ಟರ್, ಎದುರು ಐನೂರರ ನೋಟು ಹಿಡಿದ ಅರವತ್ತು ಪ್ರಯಾಣಿಕರು? ಇದಕ್ಕೆ ವಾದವೇ ಬೇಡ, ಕಂಡಕ್ಟರ್.